ಮಾಡಿ ಅಂಗಡಿಯ ಜುಬೇದಾಬೀ

ಲಿಂಗಸೂಗೂರಿನಲ್ಲಿ ದಂಡು ಬೀಡುಬಿಟ್ಟಿದ್ದ ಕಾಲದಲ್ಲಿ ಮರಿಸ್ವಾಮಿಯ ಅಜ್ಜ ಪೇಟೆಯ ನಡುವೆ ಎರಡಂತಸ್ತಿನ ಅಂಗಡಿ ಕಟ್ಟಿಸಿದ್ದ. ಮಹಡಿ ಇದ್ದದ್ದರಿಂದ ಊರವರಿಗೆ ಅದು ಮಾಡಿ ಅಂಗಡಿ. ಕೆಳಗೆ ಕುದುರೆ ಜೀನಿನಿಂದ ಹಿಡಿದು ಕಂದೀಲು, ಸಾಬೂನು, ಇಳಕಲ್ ಸೀರೆ, ಜ್ವರದ ಗುಳಿಗೆಯವರೆಗೆ ಎಲ್ಲವೂ ಸಿಗುತ್ತಿತ್ತು. ಮೇಲಿನ ಕೋಣೆ ಹೆಂಗಸರದು. ಅದಕ್ಕೆ ಹಿಂದಿನ ಓಣಿಯಿಂದ ಬೇರೆ ಮೆಟ್ಟಿಲು. ಬುರ್ಖಾದ ಬೀಬಿಯರೂ ಗೌಡರ ಮನೆಯ ಸೊಸೆಯರೂ ಅದನ್ನೇ ಹತ್ತಿ ಬಂದು, ಸೆರಗು ಸಡಿಲಿಸಿ, ಆಳೆತ್ತರದ ಕನ್ನಡಿಯ ಮುಂದೆ ಒಮ್ಮೆ ನಿಂತು, ಆಮೇಲೆ ಜುಬೇದಾಬೀಯ ಚಾಪೆಯ ಮೇಲೆ ಕೂರುತ್ತಿದ್ದರು.

ಜುಬೇದಾಬೀ ಬಳೆ ತೊಡಿಸುವಾಕೆ. ಗಂಡ ದಾವಲ್‌ಸಾಬ್ ಅದೇ ಅಂಗಡಿಯ ಕಟ್ಟೆಯ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ದರ್ಜಿ. ಅವನು ಕಾಲರಾದಲ್ಲಿ ತೀರಿಕೊಂಡಾಗ, ಆಗ ಅಂಗಡಿ ನಡೆಸುತ್ತಿದ್ದ ಮರಿಸ್ವಾಮಿಯ ಹೆಂಡತಿ ಶೇಖರಮ್ಮ ಇವಳನ್ನು ಕರೆದು ಮೇಲಿನ ಕೋಣೆ ಒಪ್ಪಿಸಿದಳು. ಜುಬೇದಾಬೀ ಬೆರಳ ಗೆಣ್ಣುಗಳನ್ನು ನೀವುತ್ತ, ಮನೆಯ ಸುದ್ದಿ ಕೇಳುತ್ತ, ನೋವು ತಿಳಿಯುವ ಮೊದಲೇ ಗಾಜಿನ ಬಳೆ ಮಣಿಕಟ್ಟಿಗೆ ದಾಟಿಸುತ್ತಿದ್ದಳು. ಅತ್ತೆಯ ಕಾಟ, ನಿಂತ ಮುಟ್ಟು, ತವರಿನ ನೆನಪು ಎಲ್ಲವೂ ಆ ಚಾಪೆಯ ಮೇಲೆ ಹೊರಬೀಳುತ್ತಿದ್ದವು. ಅದರಲ್ಲಿ ಒಂದು ಮಾತೂ ಮೆಟ್ಟಿಲಿಳಿದು ಹೋದದ್ದಿಲ್ಲ.

೧೯೪೮ರಲ್ಲಿ ನಿಜಾಮರ ಆಳ್ವಿಕೆ ಮುಗಿದಾಗ ಊರಿನಲ್ಲಿ ಹೆದರಿಕೆ ಹಬ್ಬಿತು. ಯಾರು ಬಂದು ಯಾರ ಬಾಗಿಲು ಬಡಿಯುತ್ತಾರೋ ಎಂದು ಜುಬೇದಾಬೀ ತನ್ನ ಮನೆಯೊಳಗೆ ಅಗಳಿ ಹಾಕಿ ಕೂತಿದ್ದಳು. ಶೇಖರಮ್ಮ ತಾನೇ ಹೋಗಿ ಅವಳನ್ನು ಕರೆತಂದು ಮೇಲಿನ ಕೋಣೆಯಲ್ಲಿರಿಸಿ, ಗಲಾಟೆ ತಣ್ಣಗಾಗುವವರೆಗೆ ರೊಟ್ಟಿ ಪಲ್ಯ ಒಯ್ದು ಕೊಟ್ಟಳು. ಆಮೇಲೆ ಆ ಕೋಣೆಯ ಗೋಡೆಗೆ ವರ್ಷವರ್ಷ ಸುಣ್ಣ ಬಳಿಯುವ ಕೆಲಸವನ್ನು ಜುಬೇದಾಬೀ ಬೇರೆಯವರಿಗೆ ಬಿಡಲಿಲ್ಲ.

ಆದರೂ ಕೋಣೆ ಎಲ್ಲರದಾಗಿರಲಿಲ್ಲ. ಊರಾಚೆಯ ಕೇರಿಯ ಹೆಂಗಸರು ಹಿಂದಿನ ಕಟ್ಟೆಯ ಬಳಿ ನಿಲ್ಲಬೇಕಿತ್ತು. ಹಾಗೆಂದು ಫಲಕವೇನೂ ಇರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಜುಬೇದಾಬೀ ಬುಟ್ಟಿ ಹೊತ್ತು ಕೆಳಗಿಳಿದು ಬಂದು ಅವರ ಕೈ ಹಿಡಿದು ಬಳೆ ತೊಡಿಸುತ್ತಿದ್ದಳು. ಮೇಲೆ ಕರೆದರೆ ಗೌಡರ ಮನೆಯವರು ಬರುವುದನ್ನು ಬಿಡುತ್ತಾರೆಂಬ ಅಳುಕು ಅವಳಿಗೂ ಇತ್ತು.

೧೯೫೪ರಲ್ಲಿ ಪೇಟೆಯ ರಸ್ತೆ ಅಗಲ ಮಾಡುವುದೆಂದಾಯಿತು. ಗೆರೆ ಎಳೆದಾಗ ಮಾಡಿ ಅಂಗಡಿಯ ಮುಕ್ಕಾಲು ಭಾಗ ರಸ್ತೆಯೊಳಗೆ ಬಂತು. ಮರಿಸ್ವಾಮಿ ರಾಯಚೂರಿಗೆ ಓಡಾಡಿದ, ಕಚೇರಿಗಳಲ್ಲಿ ಕಾದ. ಏನೂ ನಡೆಯಲಿಲ್ಲ. ಸಾಮಾನೆಲ್ಲ ಗಾಡಿಗಳಲ್ಲಿ ಹೋಯಿತು. ಅಂಗಡಿ ಕಟ್ಟುವಾಗಲೇ ಮೇಲೇರಿಸಿದ್ದ ಕನ್ನಡಿ ಮಾತ್ರ ಮೆಟ್ಟಿಲ ತಿರುವಿನಲ್ಲಿ ಹಿಡಿಯದೆ ಮೇಲೆಯೇ ಉಳಿಯಿತು.

ಕೆಡವಲು ಮಸ್ಕಿಯಿಂದ ಕೂಲಿಯವರು ಬಂದರು. ಗಂಡಸರು ಹಾರೆ ಹಿಡಿದು ಏಣಿಯಿಂದ ಮಾಳಿಗೆ ಹತ್ತಿದರೆ, ಮಣ್ಣು ಹೊರುವ ಹೆಂಗಸರು ಹಿಂದಿನ ಮೆಟ್ಟಿಲಿನಿಂದ ಬಂದರು. ಮುಂದಿದ್ದವಳು ಪಕೀರಮ್ಮ, ಹಾರೆ ಹಿಡಿದವರಲ್ಲೊಬ್ಬನಾದ ಅಂಬಪ್ಪನ ಹೆಂಡತಿ. ಇವರೂ ಕೇರಿಯವರೇ. ಜುಬೇದಾಬೀ ಉಳಿದ ಬಳೆಗಳನ್ನು ಬುಟ್ಟಿಗೆ ತುಂಬುತ್ತಿದ್ದಳು. ಪಕೀರಮ್ಮ ಹೊಸ್ತಿಲಾಚೆಗೇ ನಿಂತು ಕೇಳಿದಳು:

"ಒಳಗ ಬರಬೌದೇನ್ರೀ ಬೀಬಿ?"

ಇನ್ನು ಸ್ವಲ್ಪ ಹೊತ್ತಿಗೆ ಅದೇ ಕೋಣೆಯ ಗೋಡೆ ಹೊತ್ತೊಯ್ಯಲಿದ್ದವಳು ಒಳಗೆ ಕಾಲಿಡಲು ಅಪ್ಪಣೆ ಕೇಳುತ್ತಿದ್ದಳು. ಜುಬೇದಾಬೀ ಬುಟ್ಟಿ ಬದಿಗಿಟ್ಟಳು. ಸುತ್ತಿಟ್ಟ ಚಾಪೆಯನ್ನು ಮತ್ತೆ ಹಾಸಿದಳು.

"ಬರ್ರಿ. ಬುಟ್ಟಿ ಅಲ್ಲೇ ಇಡ್ರಿ. ಮೊದಲ ಕುಂದರ್ರಿ, ಆಮ್ಯಾಲ ಕೆಡವ್ರಿ."

ಅವರು ಕೂತದ್ದು ಚಾಪೆಯ ಅಂಚಿಗೆ. ಕಲ್ಲಿನ ಕೆಲಸಕ್ಕೆ ತಡೆಯುವಂಥ ದಪ್ಪ ಹಸಿರು ಬಳೆಗಳನ್ನು ಆರಿಸಿ ಜುಬೇದಾಬೀ ಒಬ್ಬೊಬ್ಬರ ಒರಟು ಕೈಗಳನ್ನು ನೀವತೊಡಗಿದಳು. ಬಳೆ ತೊಟ್ಟ ಪಕೀರಮ್ಮ ಎದ್ದು ಕನ್ನಡಿಯ ಮುಂದೆ ನಿಂತಳು. ತನ್ನನ್ನು ಅಡಿಯಿಂದ ಮುಡಿಯವರೆಗೆ ಅವಳು ಎಂದೂ ನೋಡಿಕೊಂಡಿರಲಿಲ್ಲ.

"ನಾ ಇಷ್ಟ್ ಎತ್ತರ ಅದೀನಂತ ಗೊತ್ತಽ ಇರಲಿಲ್ಲ," ಎಂದಳು ಮೆಲ್ಲಗೆ.

ಕೆಳಗಿನಿಂದ ಮೇಸ್ತ್ರಿ ಕೂಗುತ್ತಿದ್ದ. ಅಷ್ಟರಲ್ಲಿ ಕೊನೆಯ ಸಲ ಕೋಣೆ ನೋಡಿಹೋಗಲು ಶೇಖರಮ್ಮ ಮೆಟ್ಟಿಲು ಹತ್ತಿ ಬಂದಳು. ಒಳಗಿನ ನೋಟ ಕಂಡು ಬಾಗಿಲಲ್ಲೇ ನಿಂತಳು. ಕೂಲಿಯ ಹೆಂಗಸರು ಗಡಬಡಿಸಿ ಏಳಹೋದರು. ಜುಬೇದಾಬೀ ಮಾತ್ರ ಹಿಡಿದ ಕೈ ಬಿಡಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಶೇಖರಮ್ಮ ಬುಟ್ಟಿಯತ್ತ ನೋಡಿ, "ನನ್ನ ಅಳತಿವು ಉಳದಾವೇನು?" ಎಂದು ಕೇಳಿದಳು.

"ಉಳದಾವ್ರೀ. ಇವರದು ಮುಗೀಲಿ."

ಶೇಖರಮ್ಮ ಒಳಗೆ ಬಂದು ಗೋಡೆಗೊರಗಿ ನಿಂತು ತನ್ನ ಸರದಿಗೆ ಕಾದಳು. ಚಾಪೆಯ ಮೇಲೆ ಕೂರಲಿಲ್ಲ. ಆದರೆ ನಡುವೆ ಒಮ್ಮೆ ಇಳಿದು ಹೋಗಿ, ಹೆಂಗಸರು ಬರುವುದು ಇನ್ನೂ ತಡವಾಗುತ್ತದೆ ಎಂದು ಮೇಸ್ತ್ರಿಗೆ ಹೇಳಿದವಳು ಅವಳೇ.

ಗೋಡೆ ಬೀಳುವುದನ್ನು ನೋಡಲು ಊರೇ ನೆರೆದಿತ್ತು. ಮುದುಕರು ಕಣ್ಣೊರೆಸಿಕೊಂಡರು, ಕೆಲವರು ನೆನಪಿಗೆಂದು ಒಂದೊಂದು ಇಟ್ಟಿಗೆ ಒಯ್ದರು. ಜುಬೇದಾಬೀ ಸುಣ್ಣದ ಧೂಳಿನಲ್ಲಿ ಕೊನೆಯವರೆಗೂ ನಿಂತಿದ್ದು ಮನೆಗೆ ಹೋಗಿ ಎರಡು ದಿನ ಜ್ವರದಿಂದ ಮಲಗಿದಳು.

ಮರಿಸ್ವಾಮಿ ರಸ್ತೆಯಿಂದ ಹಿಂದೆ ಸರಿದು ಹೊಸ ಅಂಗಡಿ ಹಾಕಿದ, ಒಂದೇ ಅಂತಸ್ತು. ಬಾಗಿಲ ಪಕ್ಕ ಅವಳಿಗೂ ಜಾಗ ಕೊಟ್ಟ. ಆದರೆ ಗಂಡಸರು ಓಡಾಡುವಲ್ಲಿ ಕೈ ಚಾಚಲು ಯಾವ ಹೆಂಗಸೂ ಬರಲಿಲ್ಲ. ಬುಟ್ಟಿಯ ಬಳೆಗಳಿಗೆ ಧೂಳು ಹಿಡಿಯಿತು. ಹಾಗೇ ಕೂತಿದ್ದ ಒಂದು ದಿನ ಪಕೀರಮ್ಮ ಹುಡುಕಿಕೊಂಡು ಬಂದಳು. ಅವಳ ಗುಂಪಿನವರೆಲ್ಲ ಈಗ ಸಿಂಧನೂರಿನಾಚೆ ಜವಳಗೇರಾದ ಹತ್ತಿರ ಕಾಲುವೆ ತೋಡುವ ಕೆಲಸದಲ್ಲಿದ್ದರಂತೆ. ಹೆಂಗಸರೇ ನೂರಾರು ಮಂದಿ, ಬಳೆಯವರು ಒಬ್ಬರೂ ಇಲ್ಲ, ನೀವೇ ಬರಬೇಕು ಎಂದಳು. ಮಣ್ಣು ಹೊರುವ ಕೈಯಲ್ಲಿ ಗಾಜು ಎಷ್ಟು ದಿನ ಉಳಿದೀತೆಂದು ಜುಬೇದಾಬೀ ಅನುಮಾನಿಸಿದಳು.

"ಒಡದ್ರ ಮತ್ತ ಇಡಸ್ಕೋತೀವಿ. ನೀವು ಅಲ್ಲೇ ಇರ್ತೀರಲ್ರೀ," ಎಂದಳು ಪಕೀರಮ್ಮ.

ಮರುವಾರ ಜುಬೇದಾಬೀ ಸಿಂಧನೂರಿನ ಬಸ್ಸು ಹತ್ತಿದಳು. ಗುಡಿಸಲುಗಳ ಸಾಲಿನಲ್ಲಿ ಅವಳಿಗೊಂದು ಗುಡಿಸಲು ಹಾಕಿಕೊಟ್ಟರು. ಊಟದ ಬಿಡುವಿನಲ್ಲಿ ಹೆಂಗಸರು ಕೈ ತೊಳೆದುಕೊಂಡು ಬೇವಿನ ಮರದಡಿ ಬಂದು ಕೂರುತ್ತಿದ್ದರು. ತೆಲುಗಿನವರೂ ಇದ್ದರು, ಅವರ ನಾಲ್ಕು ಮಾತು ಕಲಿತಳು. ಮುಂದೆ ಶೇಖರಮ್ಮ ಮಗಳ ಮದುವೆಗೆ ಹೇಳಿಕಳಿಸಿದಾಗ ಹೋಗಿ ಮದುಮಗಳಿಗೆ ಬಳೆ ತೊಡಿಸಿದಳು. ಇಲ್ಲಿಯೇ ಉಳಿದುಬಿಡು ಎಂದು ಶೇಖರಮ್ಮ ಬಹಳ ಒತ್ತಾಯ ಮಾಡಿದಳು. ಜುಬೇದಾಬೀ ನಕ್ಕು, ನಾಳೆ ಸಂತೆಯ ರಜೆ, ಹೆಂಗಸರು ಕಾಯುತ್ತಾರೆ ಎಂದು ಹೇಳಿ ಸಂಜೆಯ ಬಸ್ಸಿಗೇ ಹೊರಟಳು.