ಹಾರ್ಡ್‌ವೇರ್ ಜಗಲಿಯ ಕಾಫಿ ಮಿಷನ್

ಸುಳ್ಯ ಪೇಟೆ ಇನ್ನೂ ಸರಿಯಾಗಿ ಕಣ್ಣು ಬಿಟ್ಟಿಲ್ಲ. ಸುಬ್ರಹ್ಮಣ್ಯಕ್ಕೆ ಹೋಗುವ ಮೊದಲ ಬಸ್ಸಿನ ಡ್ರೈವರ್ ಎದುರಿನ ಗಾಜು ಒರೆಸುತ್ತಿದ್ದಾರೆ. ಅಷ್ಟರಲ್ಲಿ ಆಲೆಟ್ಟಿ ಕಡೆಯಿಂದ ಒಂದು ಆಟೋ ಬಂದು ನಿಲ್ಲುತ್ತದೆ. ಹಿಂದಿನ ಸೀಟಿನ ಮುಕ್ಕಾಲು ಭಾಗ ಹಿಡಿದು ಕೂತಿರುವುದು ಹಳೆ ಸೀರೆ ಸುತ್ತಿಕೊಂಡ ಒಂದು ಕಾಫಿ ಮಿಷನ್. ಉಳಿದ ಕಾಲು ಭಾಗದಲ್ಲಿ ಮುದುಡಿಕೊಂಡಿರುವವರು ಅದರ ಒಡತಿ ಪೂವಮ್ಮ. ತಿರುವು ಬಂದಾಗಲೆಲ್ಲ ಅವರು ಅದನ್ನು ತಬ್ಬಿ ಹಿಡಿಯುತ್ತಾರೆ. ಮದುವೆಯಾದ ಹೊಸತರಲ್ಲಿ ತನ್ನನ್ನೂ ಇಷ್ಟು ಜೋಪಾನವಾಗಿ ನೋಡಿಕೊಂಡದ್ದಿಲ್ಲ ಎಂಬುದು ಆಟೋ ಓಡಿಸುವ ಗಂಡ ಕುಕ್ಕಪ್ಪನವರ ಆಕ್ಷೇಪ.

ಮಿಷನ್ ಇಳಿಯುವುದು ವೆಂಕಟ್ರಮಣ ಅವರ ಹಾರ್ಡ್‌ವೇರ್ ಅಂಗಡಿಯ ಜಗಲಿಗೆ. ಅಂಗಡಿ ತೆರೆಯುವುದು ಒಂಬತ್ತಕ್ಕೆ. ಅಲ್ಲಿಯವರೆಗೆ ಜಗಲಿ ಪೂವಮ್ಮನದು. ಪ್ಲಗ್ಗು ಸಿಕ್ಕಿಸಿ, ಕ್ಯಾನಿನ ನೀರು ಸುರಿದು, ಕೆಂಪು ದೀಪ ಹಸಿರಾಗುವುದನ್ನು ಕಾಯುತ್ತಾ ಅವರು ಗ್ಲಾಸುಗಳನ್ನು ಇನ್ನೊಮ್ಮೆ ತೊಳೆಯುತ್ತಾರೆ. ರಬ್ಬರ್ ಟ್ಯಾಪಿಂಗಿಗೆ ಹೊರಟವರು, ಪೇಪರ್ ಹಂಚುವವರು, ಬಸ್ಸಿನವರು ಒಬ್ಬೊಬ್ಬರಾಗಿ ಬಂದು ಸುತ್ತ ನಿಲ್ಲುತ್ತಾರೆ. ಯಾರೂ ಏನೂ ಕೇಳುವುದಿಲ್ಲ. ಯಾರಿಗೆ ಸಕ್ಕರೆ ಬೇಡ, ಯಾರಿಗೆ ಅರ್ಧ ಗ್ಲಾಸು ಸಾಕು ಎಂಬುದೆಲ್ಲ ಪೂವಮ್ಮನಿಗೆ ಬಾಯಿಪಾಠ.

ಎಂದಿನಂತೆ ಕೆಲಸ ನಡೆದಿದ್ದರೂ ಇವತ್ತು ಅವರ ಕಣ್ಣು ಮತ್ತೆ ಮತ್ತೆ ರಸ್ತೆಯ ಕಡೆ ಹೋಗುತ್ತಿದೆ. ಇವತ್ತು ಪತ್ತನಾಜೆ. ಮೇ ತಿಂಗಳ ಕೊನೆಗೆ ಬರುವ ಈ ದಿನ ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಆಮೇಲೆ ಮಳೆಯದ್ದೇ ಆಟ. ಜಗಲಿ ಕೊಡುವಾಗ ವೆಂಕಟ್ರಮಣ ಒಂದು ಮಾತು ಹೇಳಿದ್ದರಂತೆ: "ಪತ್ತನಾಜೆವರೆಗೆ ಹೊರಗೆ ಮಾಡಿ. ಜನ ಹಿಡಿದರೆ ಮಳೆಗಾಲಕ್ಕೆ ಒಳಗೆ ಜಾಗ ಕೊಡುವ. ಹಿಡಿಯದಿದ್ದರೆ ಬೇಜಾರು ಮಾಡಬಾರದು." ಈ ಜಗಲಿಗೆ ಗಾಳಿಮಳೆ ನೇರವಾಗಿ ಹೊಡೆಯುತ್ತದೆ. ಒಳಗೆ ಜಾಗ ಸಿಗದಿದ್ದರೆ ಮಿಷನ್ ಮನೆಗೆ, ಪೂವಮ್ಮ ಮತ್ತೆ ಬೇರೆಯವರ ಅಡುಗೆ ಕೆಲಸಕ್ಕೆ. ಪಕ್ಕದ ಓಣಿಯ ಕಬ್ಬಿನ ಹಾಲಿನವರೂ ಇದೇ ಜಾಗಕ್ಕೆ ಕಣ್ಣಿಟ್ಟಿದ್ದಾರೆ. "ಜನ ಹಿಡಿದಿದ್ದಾರೆ ಅಂತ ನನಗೆ ಕಾಣ್ತದೆ. ಅವರಿಗೆ ಕಾಣಬೇಕಲ್ಲ?" ಎನ್ನುತ್ತಾರೆ ಪೂವಮ್ಮ, ಪೇಪರಿಗೆ ಬರೆಯಲು ಬಂದ ನನ್ನೊಡನೆ.

ಕಾಫಿ ಇವರಿಗೆ ಹೊಸತಲ್ಲ. ಇಪ್ಪತ್ತು ವರ್ಷ ಮದುವೆ, ಗೃಹಪ್ರವೇಶಗಳ ಅಡುಗೆಯವರ ತಂಡದಲ್ಲಿ ಕಾಫಿಯ ಹಂಡೆಯ ಮುಂದೆ ನಿಂತವರು. ಹಂಡೆ ಎತ್ತಿ ಎತ್ತಿ ಬಲ ಭುಜ ಕೈಕೊಟ್ಟಿತು. ಇನ್ನು ಭಾರ ಎತ್ತಬಾರದು ಎಂದರು ಡಾಕ್ಟರು. ಹೋಗಲಿ, ಒಂದು ಸ್ಟವ್ ಇಟ್ಟುಕೊಂಡು ಕಾಫಿ ಮಾರುವ ಎಂದರೆ ವೆಂಕಟ್ರಮಣ ಹೌಹಾರಿದರು. ಅಂಗಡಿ ತುಂಬ ಪೇಂಟು, ತಿನ್ನರ್. ಬೆಂಕಿ ಕಡ್ಡಿ ಗೀರುವ ಮಾತೇ ಇಲ್ಲ. ಹಾಗಾಗಿ ಕರೆಂಟಿನ ಮಿಷನ್ ಹುಡುಕುವ ಯೋಚನೆ ಬಂತು. ಹೊಸತಕ್ಕೆ ಕೈ ಎಟುಕುವುದಿಲ್ಲ, ಹಳತು ಕೊಂಡು ಗೊತ್ತಿಲ್ಲ.

ಪುತ್ತೂರಿನಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದ ಕುಂಬ್ರದ ಮುರಳಿಕೃಷ್ಣ, ಸ್ಕೂಲು ಮುಚ್ಚಿದ ಮೇಲೆ ಕಚೇರಿಯ ಕಾಫಿ ಮಿಷನ್ ಮಾರಾಟಕ್ಕಿದೆ ಎಂದು ವಾಟ್ಸಾಪಿನಲ್ಲಿ ಹಾಕಿದ್ದರು. ಗಂಡ ಹೆಂಡತಿ ಆಟೋದಲ್ಲಿ ಕುಂಬ್ರಕ್ಕೆ ಹೋದರು. ಮುಂದಿನದನ್ನು ಪೂವಮ್ಮನ ಬಾಯಿಯಿಂದಲೇ ಕೇಳಬೇಕು. ಅವರು ನಗದೆ ಹೇಳಲಾರರು.

"ಹೋದ ಕೂಡಲೇ ಬೆಲ್ಲ ನೀರು ಕೊಟ್ರು. ನಮ್ಮಲ್ಲಿ ಹಾಗೆಯೇ ಅಲ್ವಾ, ಬಂದವರಿಗೆ ಕುಡಿಯಲಿಕ್ಕೆ ಆಸರಿಗೆ ಕೊಡದೆ ವ್ಯಾಪಾರದ ಮಾತು ತೆಗೆಯುದಿಲ್ಲ. ಮತ್ತೆ ಊಟ. ಮಿಷನ್ ಆಚೆ ಕೋಣೆಯಲ್ಲಿ ಇತ್ತು, ಕೆಂಪು ಲೈಟು ಉರೀತಾ ಇತ್ತು. ಊಟ ಆಗಿ ಸ್ವಲ್ಪ ಹೊತ್ತಿಗೆ ಮನೋರಮಕ್ಕ ಅದೇ ಕೋಣೆಯಿಂದ ಕಾಫಿ ತಂದ್ರು. ಎಂತ ಕಾಫಿ ಮಾರಾಯ್ರೆ! ನಾನು ಇವರಿಗೆ ಕಣ್ಣಲ್ಲೇ ಹೇಳಿದೆ, ಮಿಷನ್ ಬಿಡುದು ಬೇಡ ಅಂತ."

ಮನೋರಮಾ ಮುರಳಿಕೃಷ್ಣರ ಹೆಂಡತಿ. "ಕಾಫಿ ಭಾರಿ ಒಳ್ಳೆದುಂಟು" ಎಂದು ಪೂವಮ್ಮ ಹೊಗಳಿದಾಗ ಮನೋರಮಾ ನಾಚಿದರು. ಮುರಳಿಕೃಷ್ಣ ಹೆಂಡತಿಯ ಕಡೆ ನೋಡಿ ಹೆಮ್ಮೆಯಿಂದ ತಲೆಯಾಡಿಸಿದರು. ಎರಡೂ ಕಡೆಯವರು ಖುಷಿಯಲ್ಲಿದ್ದಾಗ ಯಾರು ಯಾರನ್ನು ಏನು ಕೇಳುವುದು? ಉಂಡ ಮನೆಯಲ್ಲಿ ಗುಂಡಿ ಒತ್ತಿ ಪರೀಕ್ಷೆ ಮಾಡಿದರೆ ಮನೆಯವರನ್ನು ನಂಬದ ಹಾಗೆ ಆಗುತ್ತದಲ್ಲ ಎಂಬ ದಾಕ್ಷಿಣ್ಯ ಬೇರೆ. ದುಡ್ಡು ಕೊಟ್ಟು, ಮಿಷನಿಗೆ ಸೀರೆ ಸುತ್ತಿ, ಆಟೋಕ್ಕೆ ಹತ್ತಿಸಿದರು.

ಮೊದಲ ದಿನ ಜಗಲಿಯಲ್ಲಿ ಗುಂಡಿ ಒತ್ತಿದರೆ ಮಿಷನ್ ಗುರ್ ಎಂದು ಗದರಿಸಿ, ಉಗುರು ಬೆಚ್ಚಗಿನ ಕಂದು ನೀರು ಬಿಟ್ಟಿತು. ಕುಡಿದವರು "ಪರವಾಗಿಲ್ಲ" ಎಂದರು. ಪೂವಮ್ಮ ಅದನ್ನು ನಿಜವೆಂದೇ ನಂಬಿದರು. ನಮ್ಮ ಊರಿನವರು "ಪರವಾಗಿಲ್ಲ" ಎಂದರೆ ಇನ್ನು ಈ ಕಡೆ ಬರುವುದಿಲ್ಲ ಎಂದು ಅರ್ಥ ಮಾಡಿಕೊಳ್ಳಬೇಕು ಎನ್ನುವುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿದೆ. ನಮ್ಮದೇ ಕಾಫಿಗೆ ಹಾಗೆ ಹೇಳಿದಾಗ ಮಾತ್ರ ಮರೆತು ಹೋಗುತ್ತದೆ. ಎರಡನೆಯ ವಾರ ಜಗಲಿಯಲ್ಲಿ ಉಳಿದದ್ದು ಪೂವಮ್ಮ, ಮಿಷನ್, ಮತ್ತು ಒಂದು ನಾಯಿ.

ಸತ್ಯ ಹೇಳಿದವರು ಸುಹರಾ. ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿ ಮುಗಿಸಿ ಇಲ್ಲಿ ಬಸ್ಸು ಕಾಯುವ ಆಯಾ. ನಾನು ಮಾತಾಡಿಸಿದಾಗ ಅವರು ಕಾಫಿ ಊದಿಕೊಳ್ಳುತ್ತಾ ಹೇಳುತ್ತಾರೆ: "ಎಲ್ಲರೂ ಅರ್ಧ ಕುಡಿದು ಗೋಡೆಯ ಬದಿಗೆ ಚೆಲ್ಲುದು. ನನಗೆ ಪಾಪ ಕಂಡಿತು. ಪೂವಕ್ಕಾ, ಇದು ಕಾಫಿ ಅಲ್ಲ, ಕಾಫಿಯ ಪಾತ್ರೆ ತೊಳೆದ ನೀರು ಅಂತ ಹೇಳಿಯೇ ಬಿಟ್ಟೆ. ಅವರು ಅಳ್ಲಿಕ್ಕೆ ಶುರು ಮಾಡಿದ್ರು. ನನಗೆ ಬಸ್ಸು ತಪ್ಪಿತು."

ಅವತ್ತೇ ಪೂವಮ್ಮ ಕುಂಬ್ರಕ್ಕೆ ಫೋನ್ ಮಾಡಿದರು. ಆ ದಿನ ನಿಮ್ಮಲ್ಲಿ ಕುಡಿದ ಹಾಗೆ ಈ ಮಿಷನಿನಲ್ಲಿ ಬರುವುದೇ ಇಲ್ಲವಲ್ಲ ಎಂದು ಕೇಳಿದಾಗ, ಆಚೆಯಿಂದ ಮನೋರಮಾ ಹೇಳಿದ್ದು ಇಷ್ಟು: "ಅಯ್ಯೋ ದೇವರೇ, ಅದು ನಾನು ಒಲೆಯಲ್ಲಿ ಮಾಡಿದ್ದು ಪೂವಮ್ಮ. ಅಡುಗೆಮನೆಗೆ ಆ ಕೋಣೆ ದಾಟಿಯೇ ಹೋಗುದು."

ಕಾಫಿ ಮಾಡಿ ಮಾಡಿ ಭುಜ ಸವೆಸಿಕೊಂಡವರಿಗೆ ರುಚಿಯಲ್ಲೇ ಗೊತ್ತಾಗಲಿಲ್ಲವೇ ಎಂದು ನಾನು ಕಾಲೆಳೆಯುತ್ತೇನೆ. ಪೂವಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಾರೆ. "ಗೊತ್ತಾಗಬೇಕಿತ್ತು. ಅದು ಮನೆಯ ದನದ ಹಾಲು. ಮಿಷನಿನ ಒಳಗೆ ದನ ಕಟ್ಟಲಿಕ್ಕೆ ಆಗ್ತದಾ?"

ಮುರಳಿಕೃಷ್ಣ ಮರುದಿನವೇ ಆಲೆಟ್ಟಿಯ ಪೂವಮ್ಮನ ಮನೆಗೆ ಬಂದರು. ಮಿಷನ್ ವಾಪಸು ಕೊಡಿ, ದುಡ್ಡು ತಂದಿದ್ದೇನೆ ಎಂದರು. ಪೂವಮ್ಮ ಒಪ್ಪಲಿಲ್ಲ. ಮಿಷನ್ ಕೊಟ್ಟರೆ ಜಗಲಿಯೂ ಹೋದ ಹಾಗೆ. ಬೆಂಕಿ ಇಲ್ಲದೆ ಕಾಫಿ ಮಾಡಲು ಬೇರೆ ದಾರಿ ಇಲ್ಲ. "ದುಡ್ಡು ಬೇಡ. ಇದರ ಹೊಟ್ಟೆಯ ಒಳಗೆ ಎಂತ ಉಂಟು ಅಂತ ಒಮ್ಮೆ ತೋರಿಸಿಕೊಡುವವರು ಬೇಕು" ಎಂದರು. ಆ ಮನುಷ್ಯ ತಾನೇ ಖರ್ಚು ಹಾಕಿ ಪುತ್ತೂರಿನಿಂದ ರಿಪೇರಿಯವರನ್ನು ಕರೆತಂದರು. ಅಂಗಳದಲ್ಲಿ ಚಾಪೆ ಹಾಸಿ ಮಿಷನ್ ಬಿಚ್ಚಿದಾಗ, ನೀರು ಕಾಯುವ ಟ್ಯಾಂಕಿನಲ್ಲಿ ಸುಣ್ಣದಂಥ ಪದರ, ಪುಡಿ ಬೀಳುವ ದಾರಿಯಲ್ಲಿ ಗಟ್ಟಿ ಬೆಲ್ಲದ ಹಾಗೆ ಕಚ್ಚಿಕೊಂಡ ಹಳೆ ಕಾಫಿ. ಡ್ರೈವಿಂಗ್ ಕಲಿಸುವ ಗಡಿಬಿಡಿಯಲ್ಲಿ ಯಾರೂ ಅದನ್ನು ತೊಳೆದಿರಲಿಲ್ಲ. ಮುರಳಿಕೃಷ್ಣರ ಮುಖ ಸಣ್ಣದಾಯಿತು. ಪೂವಮ್ಮ ಅವರಿಗೂ ಬೆಲ್ಲ ನೀರು ತಂದುಕೊಟ್ಟರು.

ತೊಳೆಯುವುದು, ಒಣಗಿಸುವುದು, ಪುಡಿ ಎಷ್ಟು ಬೀಳಬೇಕೆಂದು ತಿರುಗಿಸಿ ಇಡುವುದು, ಎಲ್ಲವನ್ನೂ ಅವತ್ತೇ ಕಲಿತರು. ಆದರೂ ರೆಡಿಮೇಡ್ ಕಾಫಿ ಪುಡಿಯ ರುಚಿ ಅವರ ನಾಲಿಗೆಗೆ ಹತ್ತಲಿಲ್ಲ. ಈಗಿನ ಉಪಾಯ ಅವರದ್ದೇ. ಮಿಷನಿನಲ್ಲಿ ಹಾಲಿನ ಪುಡಿ ಮಾತ್ರ ಹಾಕುತ್ತಾರೆ. ಗುಂಡಿ ಒತ್ತಿದರೆ ನೊರೆ ಹಾಲು ಬರುತ್ತದೆ. ಅದಕ್ಕೆ ಬೆಳಗಿನ ಜಾವ ಮನೆಯಲ್ಲಿ ಇಳಿಸಿ ಫ್ಲಾಸ್ಕಿನಲ್ಲಿ ತಂದ ಡಿಕಾಕ್ಷನ್ ಬೆರೆಸುತ್ತಾರೆ. ನಾನೂ ಒಂದು ಗ್ಲಾಸು ಕುಡಿದೆ, ನಾಚಿಕೆ ಬಿಟ್ಟು ಇನ್ನೊಂದು ಕೇಳಿದೆ.

ಸುಹರಾ ಆಸ್ಪತ್ರೆಯವರನ್ನೆಲ್ಲ ಕರೆತಂದರು, ಬಸ್ಸಿನವರು ತಾವಾಗಿಯೇ ತಿರುಗಿ ಬಂದರು. ಈಗ ದಿನಕ್ಕೆ ನೂರಿಪ್ಪತ್ತು ಗ್ಲಾಸಿನ ಹತ್ತಿರ ಹೋಗುತ್ತದೆ. ಕರೆಂಟು ಹೋದ ದಿನ ಲೆಕ್ಕಕ್ಕಿಲ್ಲ. ಅವತ್ತು ಎಲ್ಲರೂ ಕರೆಂಟಿಗೆ ಬೈಯುತ್ತಾ ಜಗಲಿಯಲ್ಲೇ ಕಾಯುತ್ತಾರೆ. ಹಳೆ ಮಿಷನ್ ಕೊಳ್ಳುವವರಿಗೆ ಏನು ಹೇಳುತ್ತೀರಿ ಎಂದರೆ ಪೂವಮ್ಮ ಗಂಭೀರವಾಗುತ್ತಾರೆ. "ಮುಚ್ಚಳ ತೆಗೆದು ಮೂಸಿ ನೋಡಬೇಕು. ಒಂದು ಗ್ಲಾಸು ಸಾಲದು, ಒಂದರ ಹಿಂದೆ ಒಂದು ಹತ್ತು ತೆಗೀಬೇಕು, ಹತ್ತನೇದೂ ಬಿಸಿ ಇರಬೇಕು. ಮತ್ತೆ ಊಟ ಮಾಡುದಾದ್ರೆ ಮಿಷನ್ ನೋಡಿ ಆದ ಮೇಲೆ ಮಾಡಿ."

ಮಾತು ಅಲ್ಲಿಗೇ ನಿಲ್ಲುತ್ತದೆ. ವೆಂಕಟ್ರಮಣ ಬಂದಿದ್ದಾರೆ. ಒಂಬತ್ತಕ್ಕೆ ಮೊದಲು ಮುಖ ತೋರಿಸದವರು ಇವತ್ತು ಏಳಕ್ಕೇ ಸ್ಕೂಟರ್ ನಿಲ್ಲಿಸಿ, ಮೆಟ್ಟಿಲ ಬದಿಗೆ ನಿಂತು ಜನರನ್ನು ನೋಡುತ್ತಾರೆ. ಪೂವಮ್ಮ ಕೊಟ್ಟ ಗ್ಲಾಸು ತೆಗೆದುಕೊಂಡು ಮತ್ತೆ ಜನರ ಕಡೆಗೇ ತಿರುಗುತ್ತಾರೆ. ಪೂವಮ್ಮ ತೊಳೆದ ಗ್ಲಾಸನ್ನೇ ಇನ್ನೊಮ್ಮೆ ತೊಳೆಯುತ್ತಾರೆ.

ಆಗ ಚೀಲ ಹಿಡಿದ ಒಬ್ಬರು ಫೋನಿನಲ್ಲಿ ಜೋರಾಗಿ ಹೇಳುವುದು ಎಲ್ಲರಿಗೂ ಕೇಳಿಸುತ್ತದೆ. "ನಾನಾ? ಪೂವಕ್ಕನ ಅಂಗಡಿಯ ಎದುರು ಇದ್ದೇನೆ. ಹಾರ್ಡ್‌ವೇರಾ? ಹಾಂ, ಅದೇ ಬಿಲ್ಡಿಂಗು. ಪೂವಕ್ಕನ ಕಾಫಿ ಅಂತ ಕೇಳಿ, ಯಾರಾದ್ರೂ ತೋರಿಸ್ತಾರೆ."

ತಲೆಯ ಮೇಲೆ ವೆಂಕಟ್ರಮಣರ ಹೆಸರಿನ ದೊಡ್ಡ ಬೋರ್ಡು ಇದೆ. ಪೂವಮ್ಮ ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸುತ್ತಾರೆ. ವೆಂಕಟ್ರಮಣ ಕಾಫಿಯ ಕೊನೆಯ ಗುಟುಕನ್ನೂ ಮುಗಿಸಿ, ಜೇಬಿನಿಂದ ಕೀ ಗೊಂಚಲು ತೆಗೆದು, ಅದರಿಂದ ಒಂದನ್ನು ಬಿಡಿಸಿ ಮಿಷನಿನ ಮೇಲೆ ಇಡುತ್ತಾರೆ. "ಎಡಗಡೆ ಶಟರಿನದ್ದು. ಪೇಂಟಿನ ಡಬ್ಬವನ್ನೆಲ್ಲ ನಿನ್ನೆಯೇ ಆಚೆ ಬದಿಗೆ ಇಡಿಸಿದ್ದೇನೆ. ಇನ್ನು ಇದನ್ನು ದಿನಾ ಹೊತ್ತುಕೊಂಡು ತಿರುಗುದು ಬೇಡ" ಎಂದು ಹೇಳಿ ಸ್ಕೂಟರ್ ಹತ್ತಿ ತಿಂಡಿಗೆ ಮನೆಗೆ ಹೋಗುತ್ತಾರೆ.

ಪೂವಮ್ಮ ಕೀಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾರೆ. ಕಣ್ಣು ಒರೆಸಿಕೊಳ್ಳುವುದಕ್ಕೂ ಪುರುಸೊತ್ತಿಲ್ಲ, ಎದುರಿಗೆ ನಾಲ್ಕು ಜನ ನಿಂತಿದ್ದಾರೆ. ಜಾಗ ಸಿಕ್ಕಿತಲ್ಲ, ಇನ್ನೇನು ಆಸೆ ಎಂದು ಕೇಳುತ್ತೇನೆ. ಅವರು ಗುಂಡಿ ಒತ್ತಿ, ಹಾಲು ಇಳಿಯುವುದನ್ನೇ ನೋಡುತ್ತಾ ಹೇಳುತ್ತಾರೆ:

"ಇಪ್ಪತ್ತು ವರ್ಷ ಎಷ್ಟೋ ಮದುವೆಯಲ್ಲಿ ಕಾಫಿ ಮಾಡಿದ್ದೇನೆ. ಆ ಕಾಫಿಯವಳನ್ನು ಕರೀರಿ ಅಂತ ಹೇಳುದು, ಅಷ್ಟೇ. ಇವತ್ತು ಒಬ್ಬರು ನನ್ನ ಹೆಸರು ಹಿಡಿದು ದಾರಿ ಹೇಳಿದ್ರು, ನೀವೂ ಕೇಳಿದ್ದೀರಲ್ಲ? ಪೇಪರಿನಲ್ಲಿ ಬೇರೆ ಎಂತ ಬರೆಯದಿದ್ದರೂ ಅಡ್ಡಿ ಇಲ್ಲ, ಅದೊಂದು ಬರೀರಿ."