ಗೋಡೆಯ ಮೇಲೆ ಬಿಟ್ಟ ಒಂದು ಗೇಣು

ದೀಪಾವಳಿ ಮುಗಿದ ಮೇಲೆ, ಒಂದು ಮಂಗಳವಾರ, ಎಂದು ಬರೆಯಲು ಕೈ ಹೋಗುತ್ತದೆ. ವಾರ ನನಗೆ ನೆನಪಿಲ್ಲ. ಸೊಂಟದ ಎಲುಬು ಮುರಿದುಕೊಂಡ ಅತ್ತೆ ಬೀದರದ ಆಸ್ಪತ್ರೆಯಲ್ಲಿದ್ದರು, ಗಂಡ ಅವರ ಹತ್ತಿರ. ಔರಾದ ಕಡೆಯ ನಮ್ಮ ಹೊಲದಲ್ಲಿ ಏಳು ಎಮ್ಮೆ, ಒಂದು ದೇವಣಿ ತಳಿಯ ಆಕಳು, ಅದರ ಎಳೆಗರು ನನ್ನ ಪಾಲಿಗೆ ಬಂದಿದ್ದವು. ಆ ಕರುವನ್ನು ಅತ್ತೆಯೇ ಎಳೆದು ಹೊರಗೆ ತೆಗೆದಿದ್ದರು. ಅದಾದ ಮೂರನೇ ದಿನ ಅವರು ಬಿದ್ದದ್ದು.

ಚಳಿಗಾಲದ ಕೆಲಸ ನೋಡಿದ್ದೆ, ಮಾಡಿರಲಿಲ್ಲ. ಗೋಣಿಚೀಲ ಬಿಚ್ಚಿ ಎಮ್ಮೆಗಳಿಗೆ ಹೊದಿಕೆ ಹೊಲಿದೆ. ನೆಲಕ್ಕೆ ಜೋಳದ ಒಣ ಕಣಿಕಿ ಹಾಸಿದೆ. ಗಾಳಿ ಬರುವ ಕಡೆ ತಾಡಪತ್ರಿ ಇಳಿಬಿಟ್ಟೆ. ಕರುವಿಗೆ ಹಳೇ ಸೀರೆಗಳ ಕೌದಿ. ಕೊಟ್ಟಿಗೆಯ ಗೋಡೆಗೂ ಮೇಲಿನ ತಗಡಿಗೂ ನಡುವೆ ಅತ್ತೆ ಪ್ರತಿ ವರ್ಷ ಒಂದು ಗೇಣು ಸಂದು ಬಿಡುತ್ತಿದ್ದರು. ಕೈಗೆ ಎಟುಕದೆ ಬಿಟ್ಟಿದ್ದಾರೆ ಅಂದುಕೊಂಡೆ. ನಾನು ಎತ್ತರ. ಗೊಬ್ಬರದ ಖಾಲಿ ಚೀಲ ತುರುಕಿ ಅದನ್ನೂ ಮುಚ್ಚಿದೆ.

ಬೆಳಿಗ್ಗೆ ಬಾಗಿಲು ತೆರೆದರೆ ಗಂಜಳದ ಘಾಟು ಕಣ್ಣಿಗೆ ಹೊಡೆಯುತ್ತಿತ್ತು. ತಗಡಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ಒಳಗೆ ಬೆಚ್ಚಗಿದೆ ಎಂದು ಹಿಗ್ಗಿದೆ. ಕರು ಕೆಮ್ಮಿತು. ಇನ್ನೊಂದು ಕೌದಿ ಹೊದಿಸಿದೆ.

ಭಾಲ್ಕಿಯಿಂದ ಬಂದ ದನದ ಡಾಕ್ಟರು ಬಾಗಿಲಲ್ಲೇ ಮೂಗು ಮುಚ್ಚಿಕೊಂಡರು. "ಇದೇನ್ರಿ ಅಕ್ಕೋರ, ಕೊಟ್ಟಿಗಿ ಕಟ್ಟೀರೋ, ಮುಚ್ಚಿದ ಸಂದೂಕ ಮಾಡೀರೋ? ನೀವಾ ಒಂದ್ ತಾಸು ಒಳಗ ಕೂಡ್ರಿ, ನೋಡೂಣು." ಚೀಲಗಳನ್ನು ತಾವೇ ಕಿತ್ತು ಎಸೆದರು. "ಥಂಡಿ ಅಲ್ಲರಿ. ಹೊಲಸು ಗಾಳಿ ಹೊರಗ ಹೋಗಲಾರದಾ ಪುಪ್ಪುಸ ಕೆಟ್ಟದ."

ಎರಡು ಸೂಜಿ ಚುಚ್ಚಿದರು. ಮರುದಿನ ಮಧ್ಯಾಹ್ನ ಕರು ಸತ್ತಿತು. ನನ್ನ ತೊಡೆಯ ಮೇಲೆ ತಲೆಯಿಟ್ಟು ಸತ್ತಿತು ಎಂದು ನೆನಪು ಹೇಳುತ್ತದೆ. ಸುಳ್ಳು. ನಾನು ಹಾಲಿನ ಕ್ಯಾನು ತೊಳೆಯುತ್ತಿದ್ದೆ. ಬಂದು ನೋಡಿದಾಗ ನೊಣ ಕೂತಿದ್ದವು.

ಬುತ್ತಿ ತಗೊಂಡು ಆಸ್ಪತ್ರೆಗೆ ಹೋದೆ. ಅತ್ತೆ ಬುತ್ತಿ ನೋಡಲೇ ಇಲ್ಲ.

"ಕರು ಹ್ಯಾಂಗದ?"

"ಚಲೋ ಅದರಿ. ಜಿಗ್ದಾಡ್ಲತದ."

"ಮ್ಯಾಲಿನ ಸಂದು ಮುಚ್ಚಿಲ್ಲಲಾ? ಹೇಳಿದ್ನಲ್ಲ ನಿನಗ."

"ಇಲ್ರಿ ಅತ್ತಿ. ಬಿಟ್ಟೇನಿ."

ಅವರು ಕಣ್ಣು ಮುಚ್ಚಿಕೊಂಡರು. ಆ ಹಾಸಿಗೆಯಿಂದ ಮನೆಗೆ ಬರಲಿಲ್ಲ.

ನಿಜವಾಗಿ ಹೇಳಿದ್ದರೇ? ಕೆಲವು ದಿನ ಅವರ ದನಿ ಸ್ಪಷ್ಟವಾಗಿ ಕೇಳುತ್ತದೆ: ಕರುವಿನ ಮೈ ಒರೆಸುತ್ತ, ನನ್ನ ಕಡೆ ತಿರುಗದೆ, "ಅದಕ್ಕ ಕೈ ಹಚ್ಚಬ್ಯಾಡವಾ." ಇಷ್ಟು ಸ್ಪಷ್ಟವಾಗಿರುವುದಕ್ಕೇ ನಂಬಿಕೆ ಬರುವುದಿಲ್ಲ. ಹೇಳಿರದಿದ್ದರೆ ನಾನು ಅರಿಯದವಳು. ಹೇಳಿದ್ದರೆ ಕೇಳಿಸಿಕೊಳ್ಳದವಳು. ಕೇಳಲು ಈಗ ಅವರಿಲ್ಲ.

ಈ ಚಳಿಗೂ ತಾಡಪತ್ರಿ ಕಟ್ಟಿದೆ. ಏಣಿ ಹತ್ತಿ, ಗೋಡೆಯ ಮೇಲೆ ಕೈ ಅಗಲಿಸಿ, ಬಿಟ್ಟ ಸಂದು ಅಳೆದೆ. ಅವರ ಕೈ ನನ್ನದಕ್ಕಿಂತ ಚಿಕ್ಕದಿತ್ತು ಎಂದು ನೆನಪು. ಎಷ್ಟು ಚಿಕ್ಕದು, ಗೊತ್ತಿಲ್ಲ. ಕೆಳಗೆ ಆಕಳು ಮತ್ತೆ ಗಬ್ಬ ಇದೆ. ಏಣಿಯ ಮೇಲೆ ನಿಂತು ಎರಡು ಸಲ ಅಳೆದೆ.