ಹಿತ್ತಲ ಕೊಳಕ್ಕೆ ಗೊದಮೊಟ್ಟೆ ತರುವ ಆಂಜಿನಮ್ಮ

ಮಾಲೂರಿನ ಹೊರಗೆ, ಇಟ್ಟಿಗೆ ಗೂಡುಗಳ ನಡುವೆ ಮಣ್ಣು ತೆಗೆದ ಗುಂಡಿ. ಮಳೆನೀರು ಮೊಣಕಾಲುದ್ದ ನಿಂತಿದೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಂಜಿನಮ್ಮ ಸೀರೆ ಎತ್ತಿ ಕಟ್ಟಿಕೊಂಡು ನೀರಿಗಿಳಿದು, ಹಳೆಯ ಪಂಚೆಯ ತುಂಡನ್ನು ತಳದಲ್ಲಿ ಹಾಸಿ ಅಲುಗಾಡದೆ ನಿಲ್ಲುತ್ತಾರೆ. ಕೆಸರು ತಿಳಿಯಾಗಬೇಕು. ಗೊದಮೊಟ್ಟೆಗಳು ತಾವಾಗಿಯೇ ಬಟ್ಟೆಯ ಮೇಲೆ ಬರಬೇಕು. ಆಮೇಲೆ ಮೂಲೆಗಳನ್ನು ಹಿಡಿದು ಮೆಲ್ಲಗೆ ಎತ್ತುವುದು.

ದಡದಲ್ಲಿ ಗಂಡ ಕದಿರೇಶ ಪೇಂಟ್ ಮುಗಿದ ಬಕೆಟ್ಟಿಗೆ ಗುಂಡಿಯ ನೀರು ತುಂಬಿಸಿ ಹಿಡಿದು ಆಕಳಿಸುತ್ತಿದ್ದಾರೆ. "ಮೀನ್ ಹಿಡಿದಿದ್ರೆ ಸಾರಿಗಾದ್ರೂ ಆಗ್ತಿತ್ತು ಕಣೇ."

"ಬಕೆಟ್ ನೆಟ್ಟಗಿಡ್ಕೊ. ಚೆಲ್ಲಿದ್ರೆ ನಿನ್ನೇ ಇದರೊಳಕ್ಕೆ ತಳ್ತೀನಿ."

ಮಾತಿನಲ್ಲಿ ಗದರಿಕೆಯಿದ್ದರೂ ಆಂಜಿನಮ್ಮನ ಮನಸ್ಸು ಇಂದು ನೆಟ್ಟಗಿಲ್ಲ. ಇದೇ ಗುಂಡಿಯಿಂದ ಎರಡು ಸಲ ಒಯ್ದ ಕಪ್ಪೆಮರಿಗಳು ಒಂದೇ ಮನೆಯಲ್ಲಿ ಸತ್ತಿವೆ. ಮೂರನೆಯ ಸಲವೂ ಹಾಗೇ ಆದರೆ ಈ ಕೆಲಸಕ್ಕೆ ಕೈ ಹಾಕುವುದಿಲ್ಲವೆಂದು ತೀರ್ಮಾನಿಸಿದ್ದಾರೆ. "ಅದ್ರ ಪಾಡಿಗದು ಇರೋ ಜೀವ. ನಾನ್ಯಾಕೆ ತಗೊಂಡೋಗಿ ಸಾಯಿಸ್ಲಿ?" ಎನ್ನುತ್ತಾರೆ. ಮರುಕ್ಷಣವೇ, "ಬಿಟ್ರೂ ಗುಂಡಿ ಒಣಗಿ ಸಾಯ್ತವೆ, ಪಾಪಂ. ಏನ್ ಮಾಡೋದೋ ಗೊತ್ತಾಗಲ್ಲ."

ಅವರ ತವರು ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರ. ಮದುವೆಯಾಗಿ ಮಾಲೂರಿಗೆ ಬಂದ ಮೇಲೆ ಸಸಿಗಳ ನರ್ಸರಿಯಲ್ಲಿ ಕೂಲಿ. ಈಚೆಗೆ ಹಿತ್ತಲಲ್ಲಿ ತಾವರೆ ಕೊಳ ಮಾಡಿಸುವವರು ಹೆಚ್ಚಿದ್ದಾರೆ. ಕೊಳವಿದ್ದ ಮೇಲೆ ಕಪ್ಪೆ ಬೇಡವೇ ಎಂದು ಮೊದಲು ಕೇಳಿದವರು ಕ್ಯಾಲನೂರಿನ ಅಶ್ವತ್ಥಪ್ಪ. ಅವರ ಮನೆಯ ಹಳೆಯ ಕಲ್ಲಿನ ತೊಟ್ಟಿಗೆ ಆಂಜಿನಮ್ಮ ಬಿಟ್ಟ ಮರಿಗಳು ಬೆಳೆದು, ಕಪ್ಪೆಗಳಾಗಿ ಹಿತ್ತಲೆಲ್ಲ ಕುಪ್ಪಳಿಸಿದವು. ಆಂಜಿನಮ್ಮನ ಕೈಗುಣ ಒಳ್ಳೆಯದೆಂಬ ಮಾತು ಹರಡಿತು.

ಆ ಮಾತು ಕೇಳಿಯೇ ಕರೆಸಿದವರು ತ್ರಿವೇಣಿ. ಬ್ಯಾಂಕ್ ನೌಕರಿಗೆ ದಿನವೂ ರೈಲಿನಲ್ಲಿ ಓಡಾಡುವ ಅವರ ಮನೆಯಿರುವ ಲೇಔಟ್ ಮೊದಲು ಮಳೆನೀರು ನಿಲ್ಲುವ ಒಂದು ಕುಂಟೆಯಾಗಿತ್ತು. ಅಂಗಡಿಯಲ್ಲಿ ಮಾರುವ ಪರದೇಶದ ಕಪ್ಪೆ ಬೇಡ, ಈ ನೆಲದ್ದೇ ಬೇಕೆಂಬುದು ಅವರ ಷರತ್ತು. "ಕಪ್ಪೇಲೂ ನಮ್ಮೂರು ನಿಮ್ಮೂರು ಇದೆಯಾ ಮೇಡಂ?" ಎಂದು ನಕ್ಕರೂ, ಆಂಜಿನಮ್ಮ ಆ ಮನೆಗೆ ಹತ್ತಿರದ ಗುಂಡಿಯನ್ನೇ ಹುಡುಕಿದರು.

ತ್ರಿವೇಣಿಯವರದು ಮಂಚದಷ್ಟಗಲದ ಕೊಳ. ಹೊಸ ನೀರಿಗೆ ಗಂಗಮ್ಮನ ಪೂಜೆ ಮಾಡದೆ ಏನನ್ನೂ ಬಿಡುವುದು ತವರಿನ ಪದ್ಧತಿಯಲ್ಲ. ಅರಿಶಿನ, ಕುಂಕುಮ, ಒಂದು ಚೊಂಬು ಹಾಲು. ಭಕ್ತಿಯಿಂದಲೇ ಎರೆದರು. ಕೆಲವೇ ದಿನಗಳಲ್ಲಿ ಮರಿಗಳು ಹೊಟ್ಟೆ ಮೇಲಾಗಿ ತೇಲಿದವು. ನೀರು ಬದಲಾಯಿಸಿ, ಎರಡನೆಯ ಸಲ ಇನ್ನೂ ಶ್ರದ್ಧೆಯಿಂದ, ಹಾಲು ತುಸು ಜಾಸ್ತಿಯೇ ಎರೆದು ಬಿಟ್ಟರು. ಅವೂ ಉಳಿಯಲಿಲ್ಲ. ಬೊಗಸೆಯಲ್ಲಿ ನೀರೆತ್ತಿ ಮೂಸಿದರೆ, ತೊಳೆಯದೆ ಇಟ್ಟ ಡೈರಿ ಕ್ಯಾನಿನ ವಾಸನೆ.

"ಇದಕ್ಕೆ ಏನಾದ್ರೂ ಹಾಕಿದ್ರಾ ಮೇಡಂ?"

"ನಾನೇನ್ ಹಾಕ್ಲಿ? ನೀವೇ ಅಲ್ವಾ ಆಂಜಿನಮ್ಮ ಹಾಲು ಹಾಕಿದ್ದು?"

ಆ ಮಾತು ಅವರನ್ನು ಚುಚ್ಚಿತು. ದೇವರ ಹಾಲು ಜೀವ ತೆಗೆಯುತ್ತದೆಯೇ? ಹಾಗಾದರೆ ಕ್ಯಾಲನೂರಿನಲ್ಲಿ ಬದುಕಿದ್ದು ಹೇಗೆ? ದಾರಿಯುದ್ದಕ್ಕೂ ಯೋಚಿಸಿದವರಿಗೆ ಮನೆಯ ಹೊಸ್ತಿಲಲ್ಲಿ ನೆನಪಾಯಿತು. ಅಂದು ಅಶ್ವತ್ಥಪ್ಪನವರ ಮನೆಯಲ್ಲಿ ದಾಯಾದಿಯೊಬ್ಬರ ಸೂತಕ. "ಪೂಜೆ ಗೀಜೆ ಏನೂ ಬೇಡಮ್ಮ, ಹಂಗೇ ಬಿಟ್ಬಿಡು" ಎಂದಿದ್ದರು. ಹೆದರಿಕೊಂಡೇ ಬಿಟ್ಟಿದ್ದ ಮರಿಗಳು ಬದುಕಿದ್ದವು. ಕೈಮುಗಿದು ಬಿಟ್ಟವು ಸತ್ತಿದ್ದವು.

"ಹಾಲೋ, ಹೊಸ ಸಿಮೆಂಟೋ, ಗಂಗಮ್ಮನ ಕೋಪವೋ, ಏಮೋಪ್ಪಾ, ಯಾರಿಗ್ಗೊತ್ತು, ನಂಗಂತೂ ತಲೆ ಕೆಟ್ಟೋಗಿದೆ," ಎನ್ನುತ್ತಾ ಇಂದು ಮೂರನೆಯ ಸಲ ಬಕೆಟ್ ಹೊತ್ತು ತ್ರಿವೇಣಿಯವರ ಹಿತ್ತಲಿಗೆ ಬರುತ್ತಾರೆ. ಕೊಳವನ್ನು ಉಜ್ಜಿ ತೊಳೆದು, ಮಳೆನೀರು ತುಂಬಿಸಿಡಲಾಗಿದೆ. ಒಂದು ಕೈಯಲ್ಲಿ ಹಾಲಿನ ಚೊಂಬು. ಎರೆಯಲು ಕೈ ಬಾರದು, ಎರೆಯದಿರಲು ಮನಸ್ಸು ಒಪ್ಪದು. ಕೊನೆಗೆ ಕೊಳದ ಹೊರಗಿನ ಕಲ್ಲಿಗೆ ಅರಿಶಿನ ಹಚ್ಚಿ, ಹಾಲನ್ನು ಪಕ್ಕದ ದಾಸವಾಳದ ಬುಡಕ್ಕೆ ಸುರಿಯುತ್ತಾರೆ. "ತಪ್ಪು ತಿಳ್ಕೋಬೇಡ ತಾಯಿ. ನಿಂದು ನಿನ್ ಪಕ್ಕದಲ್ಲೇ ಇಟ್ಟಿದೀನಿ."

ಆಮೇಲೆ ಬಕೆಟನ್ನು ನೀರಿನೊಳಕ್ಕೆ ವಾಲಿಸಿ, ಮರಿಗಳು ತಾವಾಗಿ ಈಜಿ ಹೋಗುವವರೆಗೆ ಕಾಯುತ್ತಾರೆ.

ಕೆಲವು ವಾರಗಳ ಬಳಿಕ, ನರ್ಸರಿಯಲ್ಲಿ ಗುಲಾಬಿ ಸಸಿಗಳಿಗೆ ಮಣ್ಣು ತುಂಬುತ್ತಿರುವಾಗ ತ್ರಿವೇಣಿಯವರ ಫೋನ್ ಬರುತ್ತದೆ. ಮರಿಗಳಿಗೆ ಹಿಂಗಾಲು ಮೂಡಿವೆಯಂತೆ. ಆಂಜಿನಮ್ಮ ಕಣ್ಣೊರೆಸಿಕೊಂಡರೆ ಕೆನ್ನೆಗೆಲ್ಲ ಕೆಮ್ಮಣ್ಣು. ಹಾಲೇ ಕಾರಣವಾಗಿತ್ತೆಂದು ಅವರು ಈಗಲೂ ಗಟ್ಟಿಯಾಗಿ ಹೇಳಲಾರರು. ಕೇಳಿಕೊಳ್ಳುವುದು ಒಂದನ್ನೇ:

"ಮುಂದೆ ಯಾವತ್ತಾದ್ರೂ ಒಂದು ಕಪ್ಪೆ ಕೂಗಿದ್ರೆ ನಂಗೆ ಫೋನ್ ಮಾಡಿ ಮೇಡಂ. ನೀವೇನೂ ಮಾತಾಡ್ಬೇಡಿ. ಫೋನ್ ನೀರಿನ ಹತ್ರ ಹಿಡೀರಿ, ಸಾಕು."